ಎರಡು ಮನೆಗಳ ಉಣ್ಣೆ

ಕಥೆಯೊಂದನ್ನು ಮೆಚ್ಚಿದವರು ಅದನ್ನು ನಾಲ್ಕು ಜನಕ್ಕೆ ಹೇಳುತ್ತಾರೆ. ಬರವಣಿಗೆ ಬಲ್ಲವರು ಅದರ ಮೇಲೆ ಬರೆಯುತ್ತಾರೆ. ಮೆಚ್ಚುವುದಕ್ಕೆ ಇನ್ನೂ ಒಂದು ಬಗೆಯುಂಟು. ವಿಮರ್ಶಕರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಥೆಯೊಳಗಿನ ವಸ್ತುವೊಂದನ್ನು ಓದುಗನು ತನ್ನ ಕೈಯಿಂದಲೇ ಮಾಡಿ ನೋಡುವುದು ಆ ಬಗೆ. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಥೆಗಳನ್ನು ಓದಿದ ಎಷ್ಟೋ ದೇಶಗಳ ಎಷ್ಟೋ ಮಂದಿ, ಅಲ್ಲಿಯ ಮಾಂತ್ರಿಕ ಶಾಲೆಯ ಪಟ್ಟೆಪಟ್ಟೆಯ ಮಫ್ಲರನ್ನು ಉಣ್ಣೆಯಲ್ಲಿ ಹೆಣೆದಿದ್ದಾರೆ. ನಾನೂ ಒಂದನ್ನು ಹೆಣೆದೆ. ಹೆಣೆಯುವ ದಿನಗಳಲ್ಲಿ ಏಳು ಸಂಪುಟಗಳನ್ನೂ ಮತ್ತೊಮ್ಮೆ ಓದಿದೆ. ಆಗ ನನಗೆ ತೋರಿದ ಮಾತು ಇದು: ಈ ಕಥೆಗೆ ಉಣ್ಣೆ ಎರಡು ಮನೆಗಳಿಂದ ಬರುತ್ತದೆ. ಲೋಕವು ಮೆಚ್ಚಿ ಕೊಂಡುಕೊಂಡುದು ಒಂದು ಮನೆಯ ಉಣ್ಣೆಯನ್ನು. ಕಥೆಯ ಜೀವವಿರುವುದು ಇನ್ನೊಂದು ಮನೆಯ ಉಣ್ಣೆಯಲ್ಲಿ.

ಮೊದಲನೆಯದು ಶಾಲೆಯ ‘ಮನೆ’. ಇಂಗ್ಲೆಂಡಿನ ಹಳೆಯ ವಸತಿಶಾಲೆಗಳಲ್ಲಿ ಹುಡುಗರನ್ನು ಮನೆಗಳಾಗಿ ವಿಂಗಡಿಸುವ ಪದ್ಧತಿಯುಂಟು. ಹಾಗ್ವಾರ್ಟ್ಸ್ ಎಂಬ ಈ ಮಾಂತ್ರಿಕ ಶಾಲೆಯಲ್ಲಿಯೂ ಅಂಥ ನಾಲ್ಕು ಮನೆಗಳಿವೆ. ಹನ್ನೊಂದು ವರುಷದ ಮಗುವಿನ ತಲೆಯ ಮೇಲೆ ಹಳೆಯ ಟೊಪ್ಪಿಗೆಯೊಂದನ್ನು ಇಡುತ್ತಾರೆ. ಅದು ಮಗುವಿನ ಮನಸ್ಸನ್ನು ನೋಡಿ ಮನೆಯನ್ನು ಕೂಗಿ ಹೇಳುತ್ತದೆ. ಗ್ರಿಫಿಂಡಾರಿಗೆ ಕೆಂಪು ಮತ್ತು ಹೊನ್ನಿನ ಬಣ್ಣ, ಸ್ಲಿದರಿನ್ನಿಗೆ ಹಸಿರು ಮತ್ತು ಬೆಳ್ಳಿ, ರೇವನ್‌ಕ್ಲಾಗೆ ನೀಲಿ ಮತ್ತು ಕಂಚು, ಹಫಲ್‌ಪಫ್‌ಗೆ ಹಳದಿ ಮತ್ತು ಕಪ್ಪು. ಆಟದ ಪಂದ್ಯದ ದಿನ ಮಕ್ಕಳು ತಂತಮ್ಮ ಬಣ್ಣವನ್ನು ಮೈಮೇಲೆ ಹೇರಿಕೊಂಡು ಬರುತ್ತಾರೆ. ಇಷ್ಟನ್ನು ಹೇಳುವ ಪುಸ್ತಕ, ಪಟ್ಟೆಯ ಅಗಲವೆಷ್ಟು, ಸಾಲುಗಳೆಷ್ಟು ಎಂಬ ಗೊಡವೆಗೆ ಹೋಗುವುದಿಲ್ಲ.

ಆ ಕೆಲಸವನ್ನು ಮಾಡಿದುದು ಸಿನಿಮಾ. 2001 ಮತ್ತು 2002ರ ಮೊದಲೆರಡು ಚಿತ್ರಗಳಲ್ಲಿ ಮಫ್ಲರಿನ ಪಟ್ಟೆಗಳು ಅಗಲ. ಎರಡು ಬಣ್ಣಗಳೂ ಸಮಪಾಲು. 2004ರ ಮೂರನೆಯ ಚಿತ್ರಕ್ಕೆ ಜಾನಿ ಟೆಮಿಮ್ ಎಂಬ ಹೊಸ ವಸ್ತ್ರವಿನ್ಯಾಸಕಿ ಬಂದರು. ಆಗಿನಿಂದ ನೆಲದ ಬಣ್ಣ ಒಂದೇ ಆಯಿತು. ಅದರ ಮೇಲೆ ಎರಡೆರಡು ಸಣ್ಣ ಗೆರೆಗಳು ಜೋಡಿಯಾಗಿ ಬರತೊಡಗಿದವು. ಹೆಣೆಯುವವರಲ್ಲಿ ಇಂದಿಗೂ ಈ ಎರಡು ಪಂಥಗಳುಂಟು. ಬಣ್ಣವೂ ಬದಲಾಯಿತು. ಪುಸ್ತಕದ ಉಜ್ವಲವಾದ ಕೆಂಪು ತೆರೆಯ ಮೇಲೆ ಕಂದುಗೆಂಪಾಯಿತು. ರೇವನ್‌ಕ್ಲಾದ ಕಂಚು ಬೆಳ್ಳಿಯಾಯಿತು. ಇಲ್ಲೊಂದು ತಮಾಷೆಯಿದೆ. ಕಥೆಯಲ್ಲಿ ಹ್ಯಾರಿಯ ಗೆಳೆಯ ರಾನ್ ವೀಸ್ಲಿಗೆ ಕಂದುಗೆಂಪೆಂದರೆ ಆಗದು. ತಾಯಿ ತನಗೆ ವರ್ಷವರ್ಷವೂ ಆ ಬಣ್ಣದ ಸ್ವೆಟರನ್ನೇ ಹೆಣೆಯುತ್ತಾಳೆಂದು ಅವನ ಗೊಣಗಾಟ. ಸಿನಿಮಾದವರು ರಾನ್ ಒಲ್ಲದ ಬಣ್ಣವನ್ನು ಅವನ ಇಡೀ ಮನೆಗೆ ಹೊದಿಸಿಬಿಟ್ಟರು!

ಪಟ್ಟೆ ಹೋಗುವ ದಿಕ್ಕಿಗೂ ಒಂದು ಅರ್ಥವಿದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಕಾಲೇಜುಗಳ ಮಫ್ಲರಿನಲ್ಲಿ ಪಟ್ಟೆಗಳು ಉದ್ದಕ್ಕೆ ಓಡುತ್ತವೆ. ಅದು ಹೆಣಿಗೆಯದಲ್ಲ, ನೇಯ್ದ ಉಣ್ಣೆಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿ ಹೊಲಿದದ್ದು. ಕಾಲ್ಚೆಂಡಿನ ಮೈದಾನದಲ್ಲಿ ಕೂಗುವ ಜನಸಂದಣಿಯ ಮಫ್ಲರಿನಲ್ಲಿ ಪಟ್ಟೆಗಳು ಅಡ್ಡಕ್ಕೆ ಬರುತ್ತವೆ. ಕೈಯಲ್ಲಿ ಹೆಣೆಯುವವಳು ಕಿರಿಯ ಅಂಚಿನಿಂದ ತೊಡಗಿ ಸಾಲಿನ ಮೇಲೆ ಸಾಲು ಏರಿಸುತ್ತಾಳಷ್ಟೆ. ಬಣ್ಣ ಬದಲಿಸಿದೊಡನೆ ಪಟ್ಟೆ ತಾನೇ ತಾನಾಗಿ ಅಡ್ಡ ಬೀಳುತ್ತದೆ. ಸಿನಿಮಾದ ಮಫ್ಲರಿನ ಪಟ್ಟೆಯೂ ಅಡ್ಡಪಟ್ಟೆಯೇ. ಅಂದರೆ ಅದರ ಹತ್ತಿರದ ನೆಂಟ ವಿದ್ಯಾಪೀಠವಲ್ಲ, ಆಟದ ಮೈದಾನ. ಅದು ‘ನಾನು ಇವರ ಕಡೆ’ ಎಂದು ಸಾರುತ್ತದೆ; ‘ಆದುದರಿಂದ ಅವರ ಕಡೆಯವನಲ್ಲ’ ಎಂದೂ ಸಾರುತ್ತದೆ. ಹುಟ್ಟಿನಿಂದಲೋ ಪರೀಕ್ಷೆಯ ಅಂಕದಿಂದಲೋ ಮಕ್ಕಳನ್ನು ಸಾಲುಸಾಲಾಗಿ ವಿಂಗಡಿಸುವುದನ್ನು ಕಂಡಿರುವ ನಮಗೆ ಈ ಟೊಪ್ಪಿಗೆಯ ತೀರ್ಪು ಅಷ್ಟು ಮುಗ್ಧವಾಗಿ ಕಾಣಿಸದು. ಕೊನೆಯ ಸಂಪುಟದಲ್ಲಿ ಮುಖ್ಯೋಪಾಧ್ಯಾಯ ಡಂಬಲ್‌ಡೋರನೇ ವಿಂಗಡಣೆ ತೀರ ಬೇಗ ನಡೆಯುತ್ತದೆಯೇನೋ ಎಂದು ಶಂಕಿಸುತ್ತಾನೆ. ಶಾಲೆಯ ಉಣ್ಣೆಯ ಬಗೆಗೆ ಕಥೆಗೇ ಪೂರ್ಣ ನಂಬಿಕೆಯಿಲ್ಲ.

ಎರಡನೆಯದು ನಿಜವಾದ ಮನೆ, ವೀಸ್ಲಿಯವರ ಬಡಮನೆ. ಏಳು ಮಕ್ಕಳು, ಕೈಯಲ್ಲಿ ಕಾಸಿಲ್ಲ. ಮೊದಲ ಸಂಪುಟದಲ್ಲಿ (1997) ರಾನ್ ತೊಡುವ ನಿಲುವಂಗಿ ಅಣ್ಣನದು, ಮಂತ್ರದಂಡ ಇನ್ನೊಬ್ಬ ಅಣ್ಣನದು, ಸಾಕಿದ ಇಲಿಯೂ ಮತ್ತೊಬ್ಬ ಅಣ್ಣನದೇ. ಅವನಿಗೆಂದೇ ಹೊಸದಾಗಿ ಮಾಡಿದ್ದೆಂದರೆ ತಾಯಿ ಹೆಣೆದ ಸ್ವೆಟರು. ಆ ವರ್ಷದ ಕ್ರಿಸ್‌ಮಸ್ಸಿಗೆ ತಬ್ಬಲಿ ಹ್ಯಾರಿಗೂ ಒಂದು ಪೊಟ್ಟಣ ಬರುತ್ತದೆ. ಅವನನ್ನು ಸಾಕಿದ ದೊಡ್ಡಮ್ಮನ ಮನೆಯವರು ಕಳಿಸಿದ್ದು ಐವತ್ತು ಪೆನ್ಸಿನ ಒಂದು ನಾಣ್ಯ. ರೈಲ್ವೆ ನಿಲ್ದಾಣದಲ್ಲಿ ಒಮ್ಮೆ ಮಾತ್ರ ಅವನನ್ನು ಕಂಡಿದ್ದ ವೀಸ್ಲಿಯಮ್ಮ ಕಳಿಸಿದ್ದು ಹಸಿರು ಸ್ವೆಟರು. ಅವನಿಗೆ ಉಡುಗೊರೆ ಕೊಡುವವರು ಯಾರೂ ಇಲ್ಲವೆಂದು ಮಗ ಬರೆದು ತಿಳಿಸಿದ್ದ. ಅವಳಿಗೆ ಅಷ್ಟೇ ಸಾಕಾಯಿತು.

ಮುಂದಿನ ಸಂಪುಟಗಳಲ್ಲಿ ಈ ಸ್ವೆಟರು ಒಂದು ದಿನಚರಿಯಂತೆ ಬೆಳೆಯುತ್ತದೆ. 1999ರ ಮೂರನೆಯದರಲ್ಲಿ ಅದು ಕೆಂಪಾಗಿ, ಎದೆಯ ಮೇಲೆ ಗ್ರಿಫಿಂಡಾರಿನ ಸಿಂಹ ಮೂಡುತ್ತದೆ. 2000ದ ನಾಲ್ಕನೆಯದರಲ್ಲಿ ಹುಡುಗ ಒಂದು ಡ್ರ್ಯಾಗನ್ನನ್ನು ಎದುರಿಸಿ ಬದುಕಿಬಂದಿದ್ದಾನೆ. ಆ ಕ್ರಿಸ್‌ಮಸ್ಸಿನ ಸ್ವೆಟರಿನ ಮೇಲೆ ಡ್ರ್ಯಾಗನ್ ಇದೆ. ಮನೆಯಲ್ಲಿ ಕುಳಿತ ಹೆಂಗಸು ಸುದ್ದಿಯನ್ನು ಕೇಳಿದಳು, ಮನಸ್ಸಿನಲ್ಲಿಟ್ಟುಕೊಂಡಳು, ಕಡ್ಡಿಗೆ ಏರಿಸಿದಳು ಎಂಬುದನ್ನು ಲೇಖಕಿ ಎಲ್ಲಿಯೂ ವಿವರಿಸಿ ಹೇಳುವುದಿಲ್ಲ. ಹೇಳಬೇಕಾದುದೂ ಇಲ್ಲ. 2003ರ ಐದನೆಯ ಸಂಪುಟದಲ್ಲಿ ಮನೆ ಬಿಟ್ಟುಹೋದ ಮಗ ಪರ್ಸಿ ತನ್ನ ಪಾಲಿನ ಸ್ವೆಟರನ್ನು ಹಿಂದಕ್ಕೆ ಕಳಿಸುತ್ತಾನೆ, ತಾಯಿ ಅಳುತ್ತಾಳೆ. ತಂದೆ ಮಕ್ಕಳ ಜಗಳದ ಪುಟಗಟ್ಟಲೆ ಮಾತಿಗಿಂತ, ಹೋದ ದಾರಿಯಲ್ಲೇ ಮರಳಿದ ಈ ಪೊಟ್ಟಣ ನನ್ನನ್ನು ಹೆಚ್ಚು ನೋಯಿಸಿತು. ಇಡೀ ಕಥೆಯಲ್ಲಿ ಇಷ್ಟು ಮಿತವಾಗಿ ಇಷ್ಟನ್ನು ಹೇಳಿದ ಸ್ಥಳಗಳು ಕಡಮೆ.

ಮಂತ್ರದ ಲೋಕದಲ್ಲಿ ಹೆಣಿಗೆಯ ಹೆಚ್ಚುಗಾರಿಕೆ ಏನು ಬಂತು ಎಂದು ಯಾರಾದರೂ ಕೇಳಬಹುದು. ದಂಡವನ್ನಾಡಿಸಿದರೆ ಕಡ್ಡಿಗಳು ತಾವೇ ಹೆಣೆಯುತ್ತವೆ. 2002ರ ಚಿತ್ರದಲ್ಲಿ ವೀಸ್ಲಿಯವರ ಅಡುಗೆಮನೆಯಲ್ಲಿ ಅದನ್ನು ಕಣ್ಣಾರೆ ನೋಡಿದ್ದೇವೆ. ಈ ಆಕ್ಷೇಪ ಸಣ್ಣದಲ್ಲ. ಕೈಕೆಲಸವೆಂದ ಮಾತ್ರಕ್ಕೆ ಅದರಲ್ಲಿ ಪ್ರೀತಿ ತುಂಬಿದೆ ಎಂದು ಹಾಡಿಹೊಗಳುವುದು ನಮ್ಮಲ್ಲಿ ಬಹಳವಾಗಿದೆ. ರೌಲಿಂಗ್ ಅವರು ಆ ಸುಲಭದ ಮಾತಿಗೆ ಮಾರುಹೋಗಿಲ್ಲ. ಅದಕ್ಕೆ ಸಾಕ್ಷಿ ಹರ್ಮಯೊನಿಯ ಟೊಪ್ಪಿಗೆಗಳು.

ಹಾಗ್ವಾರ್ಟ್ಸಿನ ಅಡುಗೆ, ಕಸಗುಡಿಸುವಿಕೆ ಎಲ್ಲವನ್ನೂ ಸಂಬಳವಿಲ್ಲದೆ ಮಾಡುವವರು ‘ಎಲ್ಫ್’ ಎಂಬ ಕುಳ್ಳ ಜೀವಿಗಳು. ಒಡೆಯನು ಬಟ್ಟೆಯನ್ನು ಕೊಟ್ಟರೆ ಅವರಿಗೆ ಬಿಡುಗಡೆ. 1998ರ ಎರಡನೆಯ ಸಂಪುಟದಲ್ಲಿ ಡಾಬಿ ಎಂಬವನು ಒಂದು ಕಾಲುಚೀಲದಿಂದ ಬಿಡುಗಡೆ ಹೊಂದುತ್ತಾನೆ. ಐದನೆಯ ಸಂಪುಟದಲ್ಲಿ ಹರ್ಮಯೊನಿ ಎಲ್ಲ ಎಲ್ಫ್‌ಗಳನ್ನೂ ಬಿಡಿಸುವ ಪಣ ತೊಟ್ಟು ಉಣ್ಣೆಯ ಟೊಪ್ಪಿಗೆಗಳನ್ನು ಹೆಣೆದು, ಕಸದ ಕೆಳಗೆ ಅಡಗಿಸಿಡುತ್ತಾಳೆ. ಗುಡಿಸಲು ಬಂದವರು ತಿಳಿಯದೆ ಎತ್ತಿಕೊಳ್ಳಲಿ ಎಂದು. ಎಲ್ಫ್‌ಗಳು ಇದನ್ನು ಅವಮಾನವೆಂದು ಬಗೆದು ಆ ಕೋಣೆಗೆ ಕಾಲಿಡುವುದನ್ನೇ ಬಿಡುತ್ತಾರೆ. ಮೊದಲೇ ಬಿಡುಗಡೆ ಹೊಂದಿದ್ದ ಡಾಬಿಯೊಬ್ಬನೇ ಗುಡಿಸುತ್ತಾನೆ. ಟೊಪ್ಪಿಗೆಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಓಡಾಡುತ್ತಾನೆ. ಅವಳ ಶ್ರಮ ಪ್ರಾಮಾಣಿಕ, ಉದ್ದೇಶ ನ್ಯಾಯವಾದುದು. ಆದರೆ ಯಾರಿಗಾಗಿ ಹೆಣೆದಳೋ ಅವರನ್ನು ಒಂದು ಮಾತು ಕೇಳಲಿಲ್ಲ. ವೀಸ್ಲಿಯಮ್ಮನ ಸ್ವೆಟರಿಗೂ ಈ ಟೊಪ್ಪಿಗೆಗೂ ಇರುವ ಅಂತರ ಹೆಣಿಗೆಯದಲ್ಲ, ಪರಿಚಯದ್ದು. ಒಂದು ಮಗುವಿನ ಸುದ್ದಿಯನ್ನು ತಿಳಿದು ಹೆಣೆದದ್ದು. ಇನ್ನೊಂದು ಒಂದು ಜನಾಂಗದ ಉದ್ಧಾರಕ್ಕೆಂದು ಹೆಣೆದದ್ದು.

ಇಲ್ಲಿಯವರೆಗೆ ಲೇಖಕಿಯ ದೃಷ್ಟಿಯನ್ನು ನಾನು ಒಪ್ಪುತ್ತೇನೆ. ಇದರ ಮುಂದೆ ಒಪ್ಪಲಾರೆ. ಹರ್ಮಯೊನಿಯ ದಾರಿ ತಪ್ಪಾದರೂ ಅವಳ ಪ್ರಶ್ನೆ ಸರಿಯಾದುದೇ ಆಗಿತ್ತು. ಕಥೆ ದಾರಿಯನ್ನು ನೋಡಿ ನಗುವ ಗಡಿಬಿಡಿಯಲ್ಲಿ ಪ್ರಶ್ನೆಯನ್ನೇ ಕೈಬಿಟ್ಟಿದೆ. ದುಡಿಮೆಯಲ್ಲೇ ಎಲ್ಫ್‌ಗಳಿಗೆ ಸುಖವೆಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ಯುದ್ಧವೆಲ್ಲ ಮುಗಿದ ಮೇಲೂ, 2007ರ ಕೊನೆಯ ಸಂಪುಟದಲ್ಲಿ, ದಣಿದ ಹ್ಯಾರಿ ತನ್ನ ಎಲ್ಫ್ ತಿಂಡಿ ತಂದುಕೊಟ್ಟಾನೆಯೇ ಎಂದು ಯೋಚಿಸುತ್ತಾನೆ. ಆಳುಕಾಳುಗಳ ಬಗೆಗೆ ಇಂಥ ಸಮಾಧಾನದ ಮಾತುಗಳನ್ನು ನಮ್ಮ ಮನೆಗಳಲ್ಲಿಯೂ ಬೇಕಾದಷ್ಟು ಕೇಳಿದ್ದೇವೆ. ದೊಡ್ಡ ಮನಸ್ಸಿನ ಕೃತಿಯೊಂದು ಅದನ್ನು ಹೀಗೆ ನುಂಗಿಕೊಂಡುದು ನನಗೆ ಕೊರತೆಯಾಗಿಯೇ ಕಾಣುತ್ತದೆ.

ಆದರೂ ಲೇಖಕಿ ಒಂದು ಕಡೆ, ಬಹುಶಃ ವಾದಕ್ಕಿಂತ ಮೇಲಾದ ಕಡೆ, ಈ ಸಾಲವನ್ನು ಸ್ವಲ್ಪ ತೀರಿಸಿದ್ದಾರೆ. ಅದಕ್ಕೆ ಹೋಗುವ ಮೊದಲು ನನ್ನ ಮಫ್ಲರಿನ ಮಾತನ್ನು ಮುಗಿಸಿಬಿಡುತ್ತೇನೆ. ಅದು ದೆಹಲಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳಿಗೆ. ಬೆಂಗಳೂರಿನ ಚಳಿಗೆ ಇಷ್ಟು ಉಣ್ಣೆ ಬೇಕಾಗಿರಲಿಲ್ಲ. ಉಣ್ಣೆ ಕೊಳ್ಳುವ ಮೊದಲು ಫೋನು ಮಾಡಿ, ‘ಕೆಂಪೂ ಹೊನ್ನೂ ತಾನೆ?’ ಎಂದು ಕೇಳಿದೆ. ‘ಅದು ಎಲ್ಲರ ಹತ್ತಿರವೂ ಇದೆ ಅತ್ತೆ. ನನಗೆ ಹಳದಿ, ಕಪ್ಪು ಮಾಡಿ. ಅವರು ಸದ್ದಿಲ್ಲದೆ ಕೆಲಸ ಮಾಡುವವರು. ಆಮೇಲೆ, ಉದ್ದ ಜಾಸ್ತಿ ಇರಲಿ. ಬೆಳಗ್ಗೆ ಬಸ್ಸಿನಲ್ಲಿ ಕಿವಿಗೂ ಸುತ್ತಿಕೊಳ್ಳಬೇಕು’ ಎಂದಳು. ಕಿವಿಯ ಮಾತು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಒಂದೇ ಪದರ ಹೆಣೆದರೆ ಅಂಚು ಸುರುಳಿ ಸುತ್ತುತ್ತದೆ. ಆದುದರಿಂದ ಚೀಲದಂತೆ ದುಂಡಗೆ, ಎರಡು ಪದರ ಬರುವಂತೆ ಹೆಣೆದೆ. ಬಣ್ಣ ಬದಲಿಸಿದ ಕಡೆಯ ಎಳೆಗಳೆಲ್ಲ ಒಳಗೇ ಅಡಗಿದವು, ಬೆಚ್ಚಗೂ ಆಯಿತು. ಕೊನೆಯ ಹಳದಿ ಪಟ್ಟೆಯ ಮೂಲೆಯಲ್ಲಿ ಅವಳ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಸೂಜಿಯಿಂದ ಹೊಲಿದೆ. ವೀಸ್ಲಿಯಮ್ಮನೂ ಸ್ವೆಟರಿನ ಎದೆಯ ಮೇಲೆ ಮಕ್ಕಳ ಹೆಸರಿನ ಅಕ್ಷರವನ್ನು ಹೆಣೆಯುತ್ತಿದ್ದಳು. ಅಂಗಡಿಯಲ್ಲಿ ಸಿಕ್ಕುವ ಮಫ್ಲರು ಅವಳನ್ನು ಒಂದು ತಂಡಕ್ಕೆ ಸೇರಿಸುತ್ತಿತ್ತು. ಇದೂ ಸೇರಿಸುತ್ತದೆ; ಜೊತೆಗೆ ಅವಳು ಯಾರ ಹುಡುಗಿಯೆಂಬುದನ್ನೂ ಹೇಳುತ್ತದೆ.

ಈಗ ಲೇಖಕಿ ಸಾಲ ತೀರಿಸಿದ ಸ್ಥಳ. ಕೊನೆಯ ಸಂಪುಟದಲ್ಲಿ ಡಾಬಿ ಗೆಳೆಯರನ್ನು ಉಳಿಸಿ ಸಾಯುತ್ತಾನೆ. ಸಮುದ್ರದ ದಂಡೆಯಲ್ಲಿ ಹ್ಯಾರಿ ಮಂತ್ರವನ್ನು ಬಿಟ್ಟು ಗುದ್ದಲಿ ಹಿಡಿದು ಕೈಯಿಂದಲೇ ಗುಂಡಿ ತೋಡುತ್ತಾನೆ. ತನ್ನ ಅಂಗಿಯಲ್ಲಿ ಅವನನ್ನು ಸುತ್ತುತ್ತಾನೆ. ರಾನ್ ತನ್ನ ಬೂಟು, ಕಾಲುಚೀಲಗಳನ್ನು ಕಳಚಿ ಆ ಬರಿಗಾಲಿಗೆ ತೊಡಿಸುತ್ತಾನೆ. ಇನ್ನೊಬ್ಬ ಹುಡುಗ ಕೊಟ್ಟ ಉಣ್ಣೆಯ ಟೊಪ್ಪಿಗೆಯನ್ನು ತಲೆಗೆ ಇಟ್ಟು ಕಿವಿಗಳನ್ನು ಮುಚ್ಚುತ್ತಾರೆ. ಇಲ್ಲಿ ಯಾವ ಮನೆಯ ಬಣ್ಣವೂ ಇಲ್ಲ, ಬಿಡುಗಡೆಯ ಉಪಾಯವೂ ಇಲ್ಲ. ಡಾಬಿಗೆ ಕಾಲುಚೀಲವೆಂದರೆ ಇಷ್ಟ, ಟೊಪ್ಪಿಗೆಯೆಂದರೆ ಇಷ್ಟ ಎಂಬುದು ಅವರಿಗೆ ಗೊತ್ತಿತ್ತು, ಅದನ್ನೇ ಕೊಟ್ಟರು. ಶಾಲೆಯ ಪಟ್ಟೆಗಳನ್ನು ಹೆಣೆಯಲು ಹೊರಟವರು ಈ ಪುಟಗಳನ್ನು ಓದಿ ಕಡ್ಡಿ ಹಿಡಿಯಲಿ ಎಂದು ನನ್ನ ಆಸೆ. ರೌಲಿಂಗ್ ಅವರ ಕಥೆಗಳಲ್ಲಿ ಕಾಲ ಕಳೆದಂತೆ ಮಾಸುವ ಭಾಗಗಳಿರಬಹುದು. ಉಣ್ಣೆಯನ್ನು ಕುರಿತ ಈ ಭಾಗಗಳು ಬೇಗ ಮಾಸುವಂಥವಲ್ಲ.