ಖಡ್ಗದ ಸೂಫಿ, ಬೀಸುವ ಕಲ್ಲಿನ ಸೂಫಿ

ನಮ್ಮ ನಾಡಿನ ಸೂಫಿಗಳ ಬಗ್ಗೆ ಯಾರು ಬರೆಯಲು ಕೂತರೂ ರಿಚರ್ಡ್ ಈಟನ್ ಅವರ ‘ಸೂಫೀಸ್ ಆಫ್ ಬಿಜಾಪುರ್’ (1978) ಪುಸ್ತಕವನ್ನು ಹಾದೇ ಹೋಗಬೇಕು. ಅದರಲ್ಲಿ ನನ್ನನ್ನು ಬಹಳ ಕಾಡಿದವರು ‘ಯೋಧ ಸೂಫಿ’ಗಳು. 14ನೇ ಶತಮಾನದ ಆರಂಭದಲ್ಲಿ, ದೆಹಲಿಯ ದಂಡು ದಖನ್ನಿಗೆ ಇಳಿದ ಕಾಲದಲ್ಲಿ, ಕತ್ತಿ ಹಿಡಿದು ಬಂದವರೆಂದು ಈಟನ್ ಹೇಳುವ ಸೂಫಿ ಸರ್ಮಸ್ತ್, ಪೀರ್ ಮಾಬರಿ ಖಂಡಾಯತ್ ಮುಂತಾದವರು.

ಆದರೆ ಈ ಯುದ್ಧಗಳಿಗೆ ಸಾಕ್ಷಿ ಏನು? ಹೆಚ್ಚಿನವು ಆ ಸಂತರು ತೀರಿಹೋಗಿ ಶತಮಾನಗಳಾದ ಮೇಲೆ ಭಕ್ತರು ಬರೆದ ಚರಿತ್ರೆಗಳು. ಖುಲ್ದಾಬಾದಿನ ಸೂಫಿಗಳನ್ನು ಅವರ ಕಾಲದ ಬರಹಗಳಲ್ಲೇ ಹುಡುಕಿದ ಕಾರ್ಲ್ ಅರ್ನ್ಸ್ಟ್ 1992ರಲ್ಲಿ ಈ ದೌರ್ಬಲ್ಯವನ್ನು ಎತ್ತಿ ತೋರಿಸಿದರು. ಕಥೆ ಬರೆಯುವವನಾಗಿ ನನಗೂ ಅದೇ ಅನುಮಾನ. ಕಥೆಗೆ ಖಡ್ಗ ಬೇಗ ಬರುತ್ತದೆ, ಇತಿಹಾಸಕ್ಕೆ ಅಷ್ಟು ಬೇಗ ಬರಬಾರದು.

ಕಡೂರು, ಅಜ್ಜಂಪುರದ ಕಡೆ ಓಡಾಡಿದವರು ವೀರಗಲ್ಲುಗಳನ್ನು ನೋಡಿರುತ್ತಾರೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಇಲ್ಲಿ ಪೂಜೆಗೆ ಅರ್ಹನಾಗಬೇಕಾದರೆ ಮೊದಲು ಕಾದಬೇಕು. ತರೀಕೆರೆಯ ಆಚೆ ಕಾಣುವ ಬಾಬಾಬುಡನ್‌ಗಿರಿಯ ದಾದಾ ಹಯಾತರು ಪಾಳೆಯಗಾರರ ದಬ್ಬಾಳಿಕೆ ಮುರಿದರೆಂಬ ಐತಿಹ್ಯವೂ ಇದೇ ಅಚ್ಚಿನದು ಎಂದು ನನಗೆ ತೋರುತ್ತದೆ. ಫಕೀರನನ್ನು ಈ ನೆಲ ತನಗೆ ಗೊತ್ತಿದ್ದ ವೀರನ ಉಡುಪಿನಲ್ಲಿ ಕಂಡಿತು. ಅದನ್ನು ಸೈನಿಕ ದಾಖಲೆಯೆಂದು ಓದಿದರೆ ದಾದಾನಿಗೂ ಅನ್ಯಾಯ, ಕಥೆ ಕಟ್ಟಿದವರಿಗೂ ಅನ್ಯಾಯ.

ಈ ತಪ್ಪು ಪಂಡಿತರದು ಮಾತ್ರವಲ್ಲ. ಉರುಸಿನ ಭಾಷಣಗಳಲ್ಲಿ ನಮ್ಮವರೇ ಖಡ್ಗ ಝಳಪಿಸುತ್ತಾರೆ. ಅದೇ ಮಾತನ್ನು ಎತ್ತಿಕೊಂಡು ಎದುರಿನವರು ‘ನೋಡಿ, ಇವರು ದಾಳಿಕೋರರು’ ಎನ್ನುತ್ತಾರೆ. ಗಿರಿಯ ವಿವಾದದಲ್ಲಿ ಇದರ ಬೆಲೆ ತೆತ್ತವರು ನಾವು.

ತರೀಕೆರೆ ಸೀಮೆಯವರೇ ಆದ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ನನಗೆ ಹತ್ತಿರವಾಗುವುದು ಇಲ್ಲಿ. ಅವರು ದರ್ಗಾಗಳಿಗೆ ಹೋಗಿ ಜನ ಹೇಳಿದ್ದನ್ನು ಕೇಳಿದರು. ಐತಿಹ್ಯವನ್ನು ಐತಿಹ್ಯವಾಗಿಯೇ ಕೇಳಲು ಒಂದು ತಾಳ್ಮೆ ಬೇಕು.

ಹಾಗೆಂದು ಈಟನ್‌ರನ್ನು ಪಕ್ಕಕ್ಕಿಡುವಂತಿಲ್ಲ. ಚಕ್ಕೀನಾಮಾಗಳನ್ನು ಕುರಿತು ಅವರು ಬರೆದ ಪುಟಗಳಿಗಾಗಿ ಉಳಿದದ್ದನ್ನೆಲ್ಲ ಕ್ಷಮಿಸಬಹುದು. ಬೀಸುವ ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಆ ದಖನಿ ಹಾಡುಗಳು, ಹೆಂಗಸರ ಬಾಯಿಂದ, ಹಿಟ್ಟಿನ ಜೊತೆ ಮನೆಯೊಳಗೆ ಇಳಿದವು. ನನ್ನ ದಾದಿ ರಾಗಿ ಬೀಸುತ್ತಾ ಏನನ್ನೋ ಗುನುಗುತ್ತಿದ್ದಳು. ಓದು ಕಲಿತಿರಲಿಲ್ಲ. ಈಟನ್ ಓದುವವರೆಗೂ ಅದು ಅವಳದೇ ಹಾಡು ಎಂದುಕೊಂಡಿದ್ದೆ.