ಜೊತೆಗಾರನನ್ನು ಕೋನದಿಂದ ಅಳೆಯಬಹುದೇ?

ಇಂಜಿನಿಯರಿಂಗ್ ಕಾಲೇಜೊಂದರ ಹ್ಯಾಕಥಾನ್‌ಗೆ ಈಚೆಗೆ ತೀರ್ಪುಗಾರನಾಗಿ ಹೋಗಿದ್ದೆ. ಪ್ರೋಗ್ರಾಂ ಬರೆಯುವವರಿಗೆ ತಕ್ಕ ಜೊತೆಗಾರರನ್ನು ಹುಡುಕಿಕೊಡುವ ಅಂತರಜಾಲ ತಂತ್ರಾಂಶವೊಂದನ್ನು ಅಲ್ಲಿ ವಿದ್ಯಾರ್ಥಿಗಳು 36 ಗಂಟೆಗಳಲ್ಲಿ ಸಿದ್ಧಪಡಿಸಿದ್ದರು. ಪ್ರಾತ್ಯಕ್ಷಿಕೆ ಸೊಗಸಾಗಿತ್ತು. ಧಾರಾಳವಾಗಿ ಅಂಕ ಕೊಟ್ಟೆ. ಜಾಲ್ಸೂರಿನ ಮನೆಗೆ ಬಂದು, ಬಿಡುವಿನಲ್ಲಿ ಅದನ್ನು ನಾನೇ ಬಳಸಿ ನೋಡಿದಾಗ ಕೊಟ್ಟ ಅಂಕ ಹೆಚ್ಚಾಯಿತೇನೋ ಅನ್ನಿಸಿತು. ಆ ವಿಮರ್ಶೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹ್ಯಾಕಥಾನ್ ಎಂಬ ಹೆಸರು ಬಳಕೆಗೆ ಬಂದದ್ದು 1999ರಲ್ಲಿ, ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಕೆಲಸಕ್ಕಾಗಿ ಹತ್ತು ಮಂದಿ ಕೆನಡಾದ ಕ್ಯಾಲ್ಗರಿಯಲ್ಲಿ ಒಟ್ಟಿಗೆ ಕುಳಿತಾಗ. ನಮ್ಮ ದೇಶದಲ್ಲಿ 2017ರಲ್ಲಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಆರಂಭವಾಯಿತು. ಅದರ ನಿಯಮದಂತೆ ತಂಡದಲ್ಲಿ ಆರು ಮಂದಿ ಇರಬೇಕು, ಅವರೆಲ್ಲ ಒಂದೇ ಕಾಲೇಜಿನವರಾಗಿರಬೇಕು, ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಲೇಬೇಕು. ಹಳ್ಳಿಯಿಂದ ಬಂದು ಆಗಷ್ಟೇ ಕಾಲೇಜು ಸೇರಿದ ಹುಡುಗಿಗೆ ಉಳಿದ ಐವರನ್ನು ಹುಡುಕುವುದು ಸುಲಭವಲ್ಲ. ಆದ್ದರಿಂದ ಈ ವಿದ್ಯಾರ್ಥಿಗಳು ಎತ್ತಿಕೊಂಡ ಸಮಸ್ಯೆ ನಿಜವಾದದ್ದು. ನನ್ನ ತಕರಾರು ಅವರು ಬಳಸಿದ ಅಳತೆಗೋಲಿನ ಬಗ್ಗೆ.

ಬಳಕೆದಾರ ತನಗೆ ತಿಳಿದ ವಿಷಯಗಳಿಗೆ ತಾನೇ 0ಯಿಂದ 5ರವರೆಗೆ ಅಂಕ ಹಾಕಿಕೊಳ್ಳಬೇಕು. ಈ ಅಂಕಗಳ ಸಾಲನ್ನು ತಂತ್ರಾಂಶ ಒಂದು ಸದಿಶವೆಂದು ಪರಿಗಣಿಸಿ, ಇಬ್ಬರ ಸದಿಶಗಳ ನಡುವಿನ ಕೋನದ ಕೊಸೈನ್ ಕಂಡುಹಿಡಿಯುತ್ತದೆ. ಪಿಯುಸಿಯಲ್ಲಿ ನೀವು ಕಲಿತ, ಅಥವಾ ಕಲಿಸುತ್ತಿರುವ, ಅದಿಶ ಗುಣಲಬ್ಧವೇ ಇದು: ಗುಣಲಬ್ಧವನ್ನು ಎರಡೂ ಪರಿಮಾಣಗಳಿಂದ ಭಾಗಿಸಿದರಾಯಿತು. ಜಾವಾ, ಪೈಥಾನ್, ವೆಬ್ ವಿನ್ಯಾಸ ಎಂಬ ಕ್ರಮದಲ್ಲಿ ಒಬ್ಬನ ಅಂಕ (4, 0, 2), ಇನ್ನೊಬ್ಬನದು (2, 0, 1) ಎನ್ನಿ. ಗುಣಲಬ್ಧ 10. ಪರಿಮಾಣಗಳು 20ರ ಮತ್ತು 5ರ ವರ್ಗಮೂಲ. ಅವುಗಳ ಗುಣಲಬ್ಧವೂ 10. ಕೊಸೈನ್ 1. ಪರದೆಯ ಮೇಲೆ 'ಹೊಂದಾಣಿಕೆ ಶೇಕಡಾ 100' ಎಂದು ಮೂಡುತ್ತದೆ! ಪೈಥಾನ್ ಮಾತ್ರ ಬಲ್ಲ (0, 5, 0) ಎಂಬ ಮೂರನೆಯವನಿಗೂ ಇವರಿಗೂ ಹೊಂದಾಣಿಕೆ ಸೊನ್ನೆ.

ಆದರೆ ತಂಡಕ್ಕೆ ಬೇಕಾದವನು ಆ ಮೂರನೆಯವನೇ ಅಲ್ಲವೇ? ಕಂಬಳದಲ್ಲಿ ಒಂದೇ ನೊಗಕ್ಕೆ ಕಟ್ಟುವ ಕೋಣಗಳು ಸಮನಾಗಿರಬೇಕು, ನಿಜ. ತಾಳಮದ್ದಳೆಗೆ ಇಬ್ಬರು ಅರ್ಥಧಾರಿಗಳನ್ನು ಕರೆಯುವಾಗ ಹಾಗೆ ನೋಡುವುದಿಲ್ಲ; ಒಬ್ಬ ಎತ್ತಿದ ಮಾತಿಗೆ ಇನ್ನೊಬ್ಬ ಎದುರು ಹೇಳಬಲ್ಲನೇ ಎಂದು ನೋಡುತ್ತಾರೆ. ಒಬ್ಬನಿಗಿಲ್ಲದ ವಿದ್ಯೆ ಇನ್ನೊಬ್ಬನಲ್ಲಿರಬೇಕಾದ ಕಡೆ ಕೋನ ಚಿಕ್ಕದಿದ್ದಷ್ಟೂ ಒಳ್ಳೆಯದೆಂಬ ಸೂತ್ರವನ್ನು ಹೂಡುವುದು ಸರಿಯಲ್ಲ.

ಈ ಸೂತ್ರಕ್ಕೆ ಒಂದು ಗುಣವಿದೆಯೆಂದು ಒಪ್ಪಬೇಕು. ಸಂಕೋಚದಿಂದ ಎಲ್ಲ ಅಂಕಗಳನ್ನೂ ಅರ್ಧಕ್ಕೆ ಇಳಿಸಿಕೊಂಡವನಿಗೆ ಅದರಿಂದ ನಷ್ಟವಿಲ್ಲ. ಸದಿಶದ ದಿಕ್ಕು ಬದಲಾಗುವುದಿಲ್ಲ. ಆದರೆ ಅದೇ ಕಾರಣಕ್ಕೆ ಹತ್ತು ವರ್ಷ ಪಳಗಿದವನನ್ನೂ ನಿನ್ನೆ ಕಲಿಯತೊಡಗಿದವನನ್ನೂ ಅದು ಬೇರ್ಪಡಿಸಲಾರದು.

ನನ್ನನ್ನು ಹೆಚ್ಚು ಕಾಡಿದ ದೋಷ ಬೇರೆ. ಏನೂ ಬಾರದ ಹೊಸಬಳ ಹೆಸರಿನಲ್ಲಿ ಎಲ್ಲ ಕಡೆ ಸೊನ್ನೆ ಹಾಕಿದೆ. ಸೊನ್ನೆ ಸದಿಶಕ್ಕೆ ದಿಕ್ಕಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆ ಇದಕ್ಕೆ 'ಸಂಖ್ಯೆಯಲ್ಲ' ಎಂಬರ್ಥದ ಮೂರಕ್ಷರದ ಸಂಕೇತವನ್ನು ಕೊಡುತ್ತದೆ. ಆ ಮೂರಕ್ಷರದ ಮುಂದೆ ಶೇಕಡಾ ಚಿಹ್ನೆಯೊಂದನ್ನು ಅಂಟಿಸಿಕೊಂಡು ಪರದೆ ಸುಮ್ಮನೆ ನಿಂತಿತು. ಜೊತೆಗಾರರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಅವಳಿಗೆ! ತಂಡದ ನಾಯಕಿಗೆ ಫೋನ್ ಮಾಡಿದೆ. "ಪ್ರಾತ್ಯಕ್ಷಿಕೆಯಲ್ಲಿ ಯಾರೂ ಸೊನ್ನೆ ಹಾಕಲಿಲ್ಲವಲ್ಲ ಸಾರ್" ಎಂದಳು. ತೀರ್ಪುಗಾರರಾದ ನಾವೂ ಹಾಕಿರಲಿಲ್ಲ.

ಊರಿನ ವಿಷಯವೂ ಹೀಗೆಯೇ. ಹತ್ತಿರದವರನ್ನು ತೋರಿಸಲು ತಂತ್ರಾಂಶ ರಾಜ್ಯದ ಹೆಸರನ್ನು ಕೇಳುತ್ತದೆ. ಜಾಲ್ಸೂರಿನಿಂದ ಕಾಸರಗೋಡಿನ ಕಡೆಗೆ ಕವಲೊಡೆಯುವ ರಸ್ತೆಯಲ್ಲೇ ಇರುವ ಮುಳ್ಳೇರಿಯದ ಕನ್ನಡ ವಿದ್ಯಾರ್ಥಿ ಅದರ ಲೆಕ್ಕದಲ್ಲಿ ಹೊರಗಿನವನು, ಬೀದರಿನವನು ನೆರೆಯವನು.

ಇನ್ನು ಜೋಡಿಸುವ ಪ್ರಶ್ನೆ. ಈ ತಂತ್ರಾಂಶ ಪ್ರತಿಯೊಬ್ಬರಿಗೂ ಒಂದು ಪಟ್ಟಿ ಕೊಡುತ್ತದೆ, ಅಷ್ಟೆ. ಪಟ್ಟಿಯ ತುದಿಯಲ್ಲಿರುವವನು ನಿಮ್ಮನ್ನು ಬಯಸುತ್ತಾನೆಯೇ ಎಂಬುದನ್ನು ಅದು ಕೇಳುವುದಿಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಬಿಡಿಸಿದ್ದು ಇದನ್ನೇ. ವಿದ್ಯಾರ್ಥಿಗಳು ಒಂದು ಕಡೆ, ಕಾಲೇಜುಗಳು ಇನ್ನೊಂದು ಕಡೆ ಇದ್ದರೆ, ಸಿಕ್ಕಿದ್ದನ್ನು ಬಿಟ್ಟು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳಬಯಸುವ ಜೋಡಿ ಒಂದೂ ಉಳಿಯದಂತೆ ಹಂಚಬಹುದೆಂದು ಅವರು ತೋರಿಸಿದರು. ಶಾಪ್ಲಿಗೆ 2012ರಲ್ಲಿ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲಿ ತೀರಿಕೊಂಡಿದ್ದರು.

ಆದರೆ ಪ್ರೋಗ್ರಾಂ ಬರೆಯುವವರಲ್ಲಿ ಎರಡು ಕಡೆಗಳಿಲ್ಲ. ಯಾರು ಯಾರ ಜೊತೆಗಾದರೂ ಸೇರಬಹುದು. ಆಗ ಉತ್ತರವೇ ಇಲ್ಲದಿರಬಹುದೆಂದು ಅದೇ ಲೇಖನದಲ್ಲಿ ಅವರು ತೋರಿಸಿದ್ದರು. ಕಾಗದ ತೆಗೆದುಕೊಳ್ಳಿ. ಕ ಎಂಬವನಿಗೆ ಮೊದಲು ಖ ಇಷ್ಟ, ಆಮೇಲೆ ಗ. ಖನಿಗೆ ಮೊದಲು ಗ, ಆಮೇಲೆ ಕ. ಗನಿಗೆ ಮೊದಲು ಕ, ಆಮೇಲೆ ಖ. ಮೂವರಿಗೂ ಘ ಕಡೆಯವನು. ಕ ಮತ್ತು ಘ, ಖ ಮತ್ತು ಗ ಎಂದು ಜೋಡಿಸಿ. ಕನಿಗೆ ಘನಿಗಿಂತ ಗ ಮೇಲು. ಗನಿಗೂ ಖನಿಗಿಂತ ಕ ಮೇಲು. ಇಬ್ಬರೂ ತಮ್ಮ ಜೊತೆಗಾರರನ್ನು ಬಿಟ್ಟು ಹೊರಟರು. ಉಳಿದ ಎರಡು ಬಗೆಯ ಜೋಡಣೆಗಳನ್ನೂ ನೀವೇ ಪರೀಕ್ಷಿಸಿ, ಅವೂ ಹೀಗೆಯೇ ಮುರಿಯುತ್ತವೆ.

ಸ್ಥಿರವಾದ ಜೋಡಣೆ ಇದ್ದರೆ ಹುಡುಕಿಕೊಡುವ, ಇಲ್ಲದಿದ್ದರೆ ಇಲ್ಲವೆಂದು ಹೇಳುವ ಕ್ರಮವನ್ನು ರಾಬರ್ಟ್ ಇರ್ವಿಂಗ್ 1985ರಲ್ಲಿ ಪ್ರಕಟಿಸಿದರು. ಅದು ಕೆಲವು ಪುಟಗಳ ಪ್ರೋಗ್ರಾಂ. 36 ಗಂಟೆಯೊಳಗೆ ಧಾರಾಳವಾಗಿ ಮುಗಿಯುತ್ತದೆ. ಅದನ್ನು ಪರದೆಯ ಮೇಲೆ ಚಂದವಾಗಿ ತೋರಿಸುವುದು ಕಷ್ಟ, ಅಷ್ಟೆ. ನಮ್ಮ ತೀರ್ಪಿನ ಹಾಳೆಯಲ್ಲಿ ನೋಟದ ಅಂದಕ್ಕೆ ಒಂದು ಕಾಲಂ ಇತ್ತು, ಸರಿ ಉತ್ತರಕ್ಕೆ ಇರಲಿಲ್ಲ. ಮುಂದಿನ ಸಲ ಕರೆದರೆ ಅದನ್ನು ಮೊದಲು ಸೇರಿಸಲು ಹೇಳುವವನಿದ್ದೇನೆ. ನೀವು ತೀರ್ಪುಗಾರರಾಗಿ ಹೋದಲ್ಲಿ, ಪ್ರಾತ್ಯಕ್ಷಿಕೆಯ ನಡುವೆ ಒಮ್ಮೆ ಎಲ್ಲ ಕಡೆ ಸೊನ್ನೆ ಹಾಕಿ ನೋಡಿ.