ಫೈಬರ್ ತಮಟೆಯ ಹೆಸರು ಮತ್ತು ಯೋಗ್ಯತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹೊಸದಾಗಿ ತಮಟೆ ತಂಡ ಕಟ್ಟುವವರ ಮುಂದೆ ಈಗ ಎರಡು ವಾದ್ಯಗಳಿವೆ. ಒಂದು, ಬಳೆಗೆ ಆಡಿನದೋ ಕರುವಿನದೋ ಚರ್ಮ ಬಿಗಿದ ಹಳೆಯ ತಮಟೆ. ಇನ್ನೊಂದು, ಕಬ್ಬಿಣದ ಬಳೆಗೆ ಪಾಲಿಯೆಸ್ಟರ್ ಹಾಳೆ ಹೊದಿಸಿ ನಟ್ಟು ಬೋಲ್ಟಿನಲ್ಲಿ ಬಿಗಿ ಮಾಡುವ, ಎಲ್ಲರೂ ಫೈಬರ್ ಎಂದು ಕರೆಯುವ ತಮಟೆ. ಕೈಗೆಲಸ ನೆಟ್ಟಗಿದ್ದರೆ ಎರಡನ್ನೂ ಕಳಪೆ ಎನ್ನುವಂತಿಲ್ಲ. ಫೈಬರ್ ಬಿಗಿ ಮಾಡಲು ಬೆಂಕಿಗೆ ಕಾಯಿಸುವ ಗೋಜಿಲ್ಲದ್ದು, ಮಳೆಗೆ ಹೆದರದ್ದು, ದೂರಕ್ಕೆ ಕೇಳುವಂಥದ್ದು, ಇವು ಸುಳ್ಳಲ್ಲ. ಆದರೆ ಈ ಮೂರು ಗುಣ ಹೇಳಿ ಮುಗಿಸಿದೊಡನೆ ಆಯ್ಕೆಯೂ ಮುಗಿಯಿತು ಎಂಬ ಮಾತು ಹಬ್ಬಿದೆಯಲ್ಲ, ತಕರಾರು ಇರುವುದು ಅಲ್ಲಿ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಫೈಬರ್ ತಮಟೆಗೆ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ತಮಟೆಯ ಎರಡು ಕೋಲುಗಳನ್ನು ಗಮನಿಸಿದರೆ ಸಾಕು, ಯಾಕೆಂದು ಗೊತ್ತಾಗುತ್ತದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಬಿದಿರ ಕಡ್ಡಿ. ದಪ್ಪ ಕೋಲು ನಡುವಿಗೆ ಬಿದ್ದು ಗತ್ತಿನ, ಅಂದರೆ ಲಯದ ವರಸೆಯ, ಅಡಿಪಾಯ ಹಾಕುತ್ತದೆ. ತೆಳು ಕಡ್ಡಿ ಅಂಚಿನ ಬಳಿ ಚಟಚಟನೆ ಆಡುತ್ತ ಎರಡು ದಪ್ಪ ಏಟುಗಳ ನಡುವಿನ ಸಂದನ್ನು ತುಂಬುತ್ತದೆ. ಕುಣಿಯುವವರ ಕಾಲು ಹಿಡಿಯುವುದು ಮೊದಲನೆಯದನ್ನು, ಮೈ ಹಿಡಿಯುವುದು ಎರಡನೆಯದನ್ನು. ಗತ್ತು ನಿಧಾನವಾಗಿದ್ದಾಗ ಎರಡು ತಮಟೆಗಳ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಓಟ ಹೆಚ್ಚಿದಂತೆ ಬಯಲಾಗುತ್ತದೆ. ಚರ್ಮ ತನ್ನ ನಾದವನ್ನು ತಾನೇ ಬೇಗ ನುಂಗಿಕೊಳ್ಳುತ್ತದೆ: ನಡುವಿನ ಏಟು ಗುಂಡಗೆ ಎದ್ದು ಅಲ್ಲೇ ಕೂರುತ್ತದೆ, ಮುಂದಿನ ಸಣ್ಣ ಏಟಿಗೆ ಜಾಗ ಬಿಡುತ್ತದೆ. ಪಾಲಿಯೆಸ್ಟರ್ ಹಾಳೆ ತೆಳು, ಹಗುರ, ಎಲ್ಲ ಕಡೆ ಒಂದೇ ಸಮ; ಅದಕ್ಕೆ ಬಿದ್ದ ಏಟಿನ ಮೇಲ್ದನಿಗಳು ಬೇಗ ಸಾಯುವುದಿಲ್ಲ. ಹಿಂದಿನ ಏಟಿನ ಝೇಂಕಾರ ಆರುವ ಮೊದಲೇ ಮುಂದಿನದು ಬಂದು ಬೀಳುತ್ತದೆ. ನಾಲ್ಕಾರು ಫೈಬರ್ ತಮಟೆ ಒಟ್ಟಿಗೆ ಓಟಕ್ಕೆ ಬಿದ್ದಾಗ ಕೇಳುವುದು ಒಂದೇ ಹೊಳಪಿನ ಒಂದೇ ಗದ್ದಲ. ತೆಳು ಕಡ್ಡಿಯ ಕೆಲಸವೆಲ್ಲ ಅದರಲ್ಲಿ ಮುಳುಗಿರುತ್ತದೆ. ನುರಿತವನಿಗೂ ನಿನ್ನೆ ಕಲಿತವನಿಗೂ ಅಂತರ ಕಾಣಿಸುವುದು ಆ ತೆಳು ಕಡ್ಡಿಯಲ್ಲೇ. ಅದನ್ನೇ ಮುಚ್ಚಿಹಾಕುವ ವಾದ್ಯ ಕಲಿಯದವನಿಗೆ ಉಪಕಾರಿ, ಕಲಿತವನಿಗೆ ನಷ್ಟ.

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ: ಪ್ರಪಂಚದ ಡ್ರಮ್ ವಾದಕರು 1950ರ ದಶಕದ ಕೊನೆಯಿಂದಲೇ ಚರ್ಮ ಬಿಡತೊಡಗಿದರು, ಅವರ ಸಂಗೀತವೇನೂ ಕೆಡಲಿಲ್ಲ. ನಿಜ. ಡುಪಾಂಟ್ ಕಂಪನಿಯ ಮೈಲಾರ್ ಹಾಳೆ ಡ್ರಮ್ಮಿಗೆ ಬಂತು, 1957ರಲ್ಲಿ ಶುರುವಾದ ರೆಮೊ ಕಂಪನಿ ಅದನ್ನು ಎಲ್ಲೆಡೆ ಹಬ್ಬಿಸಿತು. ಆದರೆ ಡ್ರಮ್ ಸೆಟ್ ಎಂಬುದು ಸೆಟ್ಟು. ಮಂದ್ರಕ್ಕೆ ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್, ಚುರುಕಿಗೆ ಸ್ನೇರ್, ಮಿಂಚಿಗೆ ಕಂಚಿನ ತಾಳ. ಒಂದೊಂದು ಕೆಲಸಕ್ಕೆ ಒಂದೊಂದು ವಾದ್ಯ, ಝೇಂಕಾರ ಹೆಚ್ಚಾದರೆ ಒಳಗೆ ದಿಂಬು ತುರುಕುವ ಸೌಕರ್ಯ ಬೇರೆ. ಅಲ್ಲಿ ಹಾಳೆ ಒಂದೇ ಸಮ ಇರುವುದು ಗುಣ. ತಮಟೆಗೆ ಇರುವುದು ಒಂದೇ ಮೈ. ಮಂದ್ರವೂ ಚುರುಕೂ ಅದೇ ವೃತ್ತದೊಳಗೆ ಹುಟ್ಟಬೇಕು. ಚರ್ಮದಲ್ಲಿ ಬೆನ್ನಿನ ಕಡೆ ದಪ್ಪ, ಹೊಟ್ಟೆಯ ಕಡೆ ತೆಳು. ಆ ಏರುಪೇರನ್ನು ಅರಿತು ಎಲ್ಲಿ ಬಾರಿಸಬೇಕೆಂದು ಕಂಡುಕೊಳ್ಳುವುದೇ ವಿದ್ಯೆಯ ಅರ್ಧ. ಡ್ರಮ್ ಸೆಟ್ಟಿನಲ್ಲಿ ಗುಣವಾದದ್ದು ತಮಟೆಯಲ್ಲಿ ದೋಷವಾಗುವುದು ಹೀಗೆ.

ಹವಾಮಾನದ ವಾದವನ್ನೂ ಊರು ನೋಡಿ ಆಡಬೇಕು. ತೇವಕ್ಕೆ ಚರ್ಮ ಸಡಿಲವಾಗುತ್ತದೆ ಎಂಬುದು ಮಲೆನಾಡಿನಲ್ಲಿ, ಕರಾವಳಿಯಲ್ಲಿ ತೂಕದ ಮಾತು. ಬರದ ಪಟ್ಟಿಯಲ್ಲಿ ಮತ್ತೆ ಮತ್ತೆ ಹೆಸರು ಬರುವ, ಬಿಸಿಲನ್ನೇ ನಂಬಿ ತಿರುಮಣಿಯ ಬಳಿ ಸೋಲಾರ್ ಪಾರ್ಕ್ ಕಟ್ಟಿಸಿಕೊಂಡ ಪಾವಗಡದಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಮಧುಗಿರಿಯ ದಂಡಿನ ಮಾರಮ್ಮನಿಂದ ಹಿಡಿದು ಹಳ್ಳಿಹಳ್ಳಿಯ ಮಾರಮ್ಮಂದಿರವರೆಗೆ ಈ ಸೀಮೆಯ ಜಾತ್ರೆಗಳು ಹೆಚ್ಚಾಗಿ ನಡೆಯುವುದೇ ಒಣಗಾಲದಲ್ಲಿ. ಬಿಸಿಲಿಗೆ ಚರ್ಮ ಮಿತಿಮೀರಿ ಬಿಗಿದು ಹರಿಯುವುದುಂಟು, ಗಣಪತಿ ಬಿಡುವ ಹೊತ್ತಿನ ಮಳೆಗೆ ಮೆತ್ತಗಾಗುವುದೂ ಉಂಟು. ಅಂಥ ಮೆರವಣಿಗೆಗೆ ಒಂದೆರಡು ಫೈಬರ್ ಇಟ್ಟುಕೊಳ್ಳುವುದು ಜಾಣತನವೇ ಸರಿ. ಇನ್ನು ಸದ್ದಿನ ವಾದ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ವೇದಿಕೆ ಇವತ್ತು ಅಪರೂಪವಲ್ಲ. ವೇದಿಕೆಯಲ್ಲಿ ಮೈಕ್ ಇರುತ್ತದೆ, ಹೆಚ್ಚು ಸದ್ದು ಬೇಕಿಲ್ಲ. ಬೀದಿಯಲ್ಲಿ ಡಿಜೆ ಇರುತ್ತದೆ, ಎಷ್ಟು ಸದ್ದೂ ಸಾಲುವುದಿಲ್ಲ. ಫೈಬರಿನ ದೊಡ್ಡ ಗಂಟಲು ಎರಡೂ ಕಡೆ ಕೆಲಸಕ್ಕೆ ಬಾರದು.

ಇಷ್ಟು ಹೇಳಿದೊಡನೆ ಚರ್ಮದ ಹಳೆಯ ವಕೀಲರು ಬಂದು ಕೈಕುಲುಕಬಾರದು. ಜಾನಪದ ಸ್ಪರ್ಧೆಗಳ ತೀರ್ಪುಗಾರರ ಕುರ್ಚಿಯಿಂದ ಕೇಳಿಬರುವ ವಾದ ಬೇರೆಯದೇ: ಫೈಬರ್ ಎಂದರೆ ಪರಂಪರೆಗೆ ಅಪಚಾರ, ನೆಲದ ವಾಸನೆ ಹೋಯಿತು ಇತ್ಯಾದಿ. ನಾದದ ಬಗ್ಗೆ ಅವರದು ಒಂದು ಮಾತೂ ಇಲ್ಲ. ಮರದ ಬಳೆಗೆ ಬದಲು ಕಬ್ಬಿಣದ ಬಳೆ ಬಂದದ್ದನ್ನು ಒಪ್ಪಿಕೊಂಡ ಪರಂಪರೆ ಹಾಳೆಯ ಮುಂದೆ ಮಾತ್ರ ಯಾಕೆ ಮೂಗು ಮುರಿಯಬೇಕು? ಚರ್ಮ ತಂದು, ನೆನೆಸಿ, ಕೂದಲು ತೆಗೆದು, ಬಿಗಿಯುವವರು ಯಾರು, ಅದರ ವಾಸನೆಯನ್ನು ಹೊಗಳುವವರು ಯಾರು ಎಂದು ನೋಡಿದರೆ ಈ ಪರಂಪರಾಪ್ರೇಮದ ಬೆಲೆ ತಿಳಿಯುತ್ತದೆ. ಇದಕ್ಕೆ ಎದುರಾಗಿ ಪ್ರಗತಿಪರರ ಒಂದು ವಾದವಿದೆ: ಚರ್ಮ ಹೋದರೆ ತಮಟೆಗಂಟಿದ ಜಾತಿಯ ಕಳಂಕವೂ ಹೋಗುತ್ತದೆ. ಉದ್ದೇಶ ದೊಡ್ಡದು, ತರ್ಕ ಟೊಳ್ಳು. ಮೃದಂಗವೂ ಚರ್ಮದ್ದೇ, ಅದನ್ನು ನುಡಿಸುವವರಿಗೆ ಯಾವ ಕಳಂಕವೂ ತಟ್ಟಿಲ್ಲ. ಅಲ್ಲಿ ಚರ್ಮ ಹದ ಮಾಡುವ ಕೈಯನ್ನು ನುಡಿಸುವ ಕೈಯಿಂದ ಬೇರ್ಪಡಿಸಿ ಮರೆಯಲ್ಲಿಟ್ಟರು, ಗಾಯಕ ಟಿ.ಎಂ. ಕೃಷ್ಣ 2020ರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದಲ್ಲಿ ಬರೆದದ್ದು ಆ ಮರೆಯಲ್ಲಿದ್ದವರನ್ನು ಕುರಿತೇ. ಬೆಂಗಳೂರಿನ ಕೆ. ವರದರಂಗನ್ ಕೃತಕ ಹೊದಿಕೆಯ ಮೃದಂಗ ಮಾಡಿದಾಗ ಅದನ್ನು ವಾದ್ಯವಾಗಿಯೇ ಅಳೆಯಲಾಯಿತು. ತಮಟೆಗೂ ಸಲ್ಲಬೇಕಾದದ್ದು ಆ ಅಳತೆಯೇ. ಕಳಂಕ ಇರುವುದು ಕರೆಯುವವನ ಮನಸ್ಸಿನಲ್ಲಿ. ಹಾಳೆ ಬದಲಿಸಿದ ಮಾತ್ರಕ್ಕೆ ಊರು ಬದಲಾಗುವುದಿಲ್ಲ.

ತಮಟೆ ಕಾಯಿಸುವುದನ್ನು ಚರ್ಮದ ವಕೀಲರೂ ಫೈಬರಿನ ವಕೀಲರೂ ತಪ್ಪಾಗಿ ಓದಿದ್ದಾರೆ. ಒಬ್ಬರಿಗೆ ಅದು ಚೆಂದದ ಫೋಟೊ, ಇನ್ನೊಬ್ಬರಿಗೆ ವ್ಯರ್ಥ ಕಾಲ. ತೆಂಗಿನ ಗರಿಯೋ ಹುಲ್ಲೋ ಹೊತ್ತಿಸಿ ತಮಟೆ ಹಿಡಿದು ನಿಂತಷ್ಟು ಹೊತ್ತು ತಂಡಕ್ಕೆ ನೀರು ಕುಡಿಯಲು, ತೋಳು ಆರಿಸಿಕೊಳ್ಳಲು ಬಿಡುವು ಸಿಗುತ್ತದೆ. ವಾದ್ಯವೇ ಕೇಳುವ ಬಿಡುವು ಅದು, ಯಾವ ಗೌಡನೂ ಇಲ್ಲವೆನ್ನಲಾರ. ಕಾಯಿಸಬೇಕಿಲ್ಲದ ತಮಟೆ ಕೈಗೆ ಬಂದ ಮೇಲೆ ‘ನಿಲ್ಲಿಸಬೇಡ, ಬಾರಿಸು’ ಎನ್ನುವುದಕ್ಕೆ ಅಡ್ಡಿಯೇ ಇಲ್ಲ. ಫೈಬರ್ ಉಳಿಸಿಕೊಡುವ ಸಮಯ ಬಾರಿಸುವವನಿಗಲ್ಲ, ಬಾಡಿಗೆ ಕೊಟ್ಟವನಿಗೆ ಸೇರುತ್ತದೆ. ಯಾವುದು ಬೇಕೆಂಬ ಕಡೆಯ ಮಾತು ಬಾರಿಸುವವರದೇ. ಕೂಲಿ, ಖರ್ಚು, ಚರ್ಮ ಸಿಗುವ ಕಷ್ಟ ಅವರಿಗೆ ಗೊತ್ತಿರುವಷ್ಟು ವಿಮರ್ಶಕನಿಗೆ ಗೊತ್ತಿಲ್ಲ. ಆದರೆ ಎರಡರಲ್ಲಿ ಯಾವುದು ಉತ್ತಮ ವಾದ್ಯ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ವಿಮರ್ಶೆಯ ಹೊಣೆ. ಎರಡು ಕೈಯ ಕೆಲಸವನ್ನು ಬೇರೆಬೇರೆಯಾಗಿ ಕೇಳಿಸುವ ತಮಟೆಯೇ ಉತ್ತಮ. ಈ ನಾಲ್ಕು ತಾಲ್ಲೂಕಿನ ಒಣ ಗಾಳಿಯಲ್ಲಿ ಅದು ಚರ್ಮದ ತಮಟೆ. ಫೈಬರ್ ಮಳೆಗಾಲದ ಜೊತೆಗಾರನಾಗಿ ಇರಲಿ, ಉತ್ತರಾಧಿಕಾರಿಯಾಗಿ ಬೇಡ.